ನವರಾತ್ರಿಯ ಮಲ್ಲಕಾಳಗ: ಶ್ರೀರಂಗಪಟ್ಟಣದ ಒಂದು ವೃತ್ತಿಪಂದ್ಯದ ಚರಿತ್ರೆ

೧

ಪಂದ್ಯಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಗೆದ್ದವರ ಹೆಸರುಗಳನ್ನು ವರ್ಷಾನುಕ್ರಮವಾಗಿ ಜೋಡಿಸಿ, ಅಲ್ಲಿಗೆ ತಮ್ಮ ಕೆಲಸ ಮುಗಿಯಿತೆಂದು ಭಾವಿಸುತ್ತಾರೆ. ಅಂಥ ಪಟ್ಟಿಗಳು ಉಪಯುಕ್ತವಾದುವೇ ಸರಿ. ಆದರೆ ಅವು ಪಂದ್ಯದ ದಿನದ ಚರಿತ್ರೆಯೇ ಹೊರತು ಪಂದ್ಯದ ಚರಿತ್ರೆಯಲ್ಲ. ಮಲ್ಲನು ಕಣದಲ್ಲಿ ನಿಲ್ಲುವುದು ವರ್ಷದಲ್ಲಿ ಕೆಲವೇ ಗಳಿಗೆಗಳ ಕಾಲ. ಆ ಗಳಿಗೆಗಳಿಗಾಗಿ ಅವನು ಉಳಿದ ದಿನಗಳಲ್ಲೆಲ್ಲ ಸಾಮು ಮಾಡಬೇಕು. ಮೈಗೆ ತಕ್ಕ ಆಹಾರವನ್ನು ಉಣ್ಣಬೇಕು. ಮೈಯನ್ನು ಸವೆಸುವ ಬೇರೆ ಕೆಲಸಗಳನ್ನು ಬಿಟ್ಟಿರಬೇಕು. ಆ ದಿನಗಳ ಅನ್ನವನ್ನು ಅವನಿಗೆ ಕೊಟ್ಟವರು ಯಾರು? ಕೊಟ್ಟವರು ಅವನಿಂದ ಪ್ರತಿಯಾಗಿ ಪಡೆದುದೇನು? ಈ ಎರಡು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು, ಶ್ರೀರಂಗಪಟ್ಟಣದ ನವರಾತ್ರಿಯೊಡನೆ ಬೆಳೆದು ಬಂದ ಮಲ್ಲಕಾಳಗದ ಚರಿತ್ರೆಯನ್ನು ಈ ಲೇಖನದಲ್ಲಿ ವಿಚಾರಿಸಲು ಯತ್ನಿಸಿದ್ದೇವೆ.

ನಮ್ಮ ಭಾಷೆಯ ಒಂದು ಮಾತು ಇಲ್ಲಿ ದಾರಿ ತೋರಿಸುತ್ತದೆ. 'ವೃತ್ತಿ' ಎಂದರೆ ಕಸುಬು ಎಂದು ಇಂದು ನಾವು ಅರ್ಥಮಾಡುತ್ತೇವೆ. ಶಾಸನಗಳಲ್ಲಿ ಅದೇ ಮಾತಿಗೆ, ಜೀವನಾಧಾರವಾಗಿ ಒಬ್ಬನಿಗೆ ಬಿಟ್ಟುಕೊಟ್ಟ ಭೂಮಿ ಅಥವಾ ಆದಾಯದ ಪಾಲು ಎಂಬ ಅರ್ಥವೂ ಉಂಟು. ಕಸುಬು ಮತ್ತು ಅದನ್ನು ಸಾಕುವ ಆಧಾರ, ಇವೆರಡನ್ನೂ ಹಿಂದಿನವರು ಒಂದೇ ಮಾತಿನಲ್ಲಿ ಹೇಳಿದರು. ಇವೆರಡೂ ಬೇರೆಬೇರೆಯಾದುದು ಹೇಗೆ ಎಂಬುದೇ ಮಲ್ಲಕಾಳಗದ ಚರಿತ್ರೆಯ ಸಾರವೆಂದು ನಮಗೆ ತೋರುತ್ತದೆ.

ಪ್ರದೇಶದ ವಿಷಯವಾಗಿಯೂ ಒಂದೆರಡು ಮಾತು ಅವಶ್ಯಕ. ಶ್ರೀರಂಗಪಟ್ಟಣವು ೧೬೧೦ರಿಂದ ೧೭೯೯ರವರೆಗೆ, ಅಂದರೆ ೧೮೯ ವರ್ಷಗಳ ಕಾಲ, ಮೈಸೂರು ರಾಜ್ಯದ ರಾಜಧಾನಿಯಾಗಿದ್ದಿತು. ಅದರ ನೆರೆಯ ಪಾಂಡವಪುರವು ಹಿರೋಡೆಯೆಂದು ಹೆಸರಾಗಿದ್ದು, ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದ ಕಾರಣ ಫ್ರೆಂಚ್ ರಾಕ್ಸ್ ಎಂದೂ ಕರೆಯಲ್ಪಡುತ್ತಿತ್ತು. ಕೃಷ್ಣರಾಜಪೇಟೆಯ ಹಳೆಯ ಹೆಸರು ಅತ್ತಿಗುಪ್ಪೆ. ನಾಗಮಂಗಲದ ಪ್ರದೇಶವು ೧೬೩೦ರ ಸುಮಾರಿಗೆ ಚನ್ನಪಟ್ಟಣದ ಜಗದೇವರಾಯನ ಮನೆತನದಿಂದ ಮೈಸೂರಿನ ಒಡೆಯರ ಕೈಸೇರಿತು. ೧೯೩೯ರಲ್ಲಿ ರಚಿತವಾದ ಮಂಡ್ಯ ಜಿಲ್ಲೆಯಲ್ಲಿ ಈ ನಾಲ್ಕೂ ಇಂದು ತಾಲ್ಲೂಕುಗಳಾಗಿವೆ. ರಾಜಧಾನಿಗೆ ಕಾಳು, ಹಾಲು, ತುಪ್ಪ, ಆಳುಗಳನ್ನು ಒದಗಿಸುತ್ತಿದ್ದ ಸೀಮೆ ಇದು. ಅರಮನೆಯ ಅಂಗಳದಲ್ಲಿ ನಡೆದ ಕಾಳಗದ ಹಿಂದೆ ಈ ಸೀಮೆಯ ಹೊಲಗದ್ದೆಗಳಿದ್ದುವೆಂಬುದನ್ನು ಓದುಗರು ಮರೆಯಬಾರದು.

೨

ಶ್ರೀರಂಗಪಟ್ಟಣದ ಕಾಳಗವು ಅಲ್ಲಿಯೇ ಹುಟ್ಟಿದುದಲ್ಲ. ಅದರ ಪೂರ್ವಚರಿತ್ರೆಯನ್ನು ಕನ್ನಡನಾಡಿನ ಎರಡು ಹಳೆಯ ರಾಜಧಾನಿಗಳಲ್ಲಿ ಹುಡುಕಬೇಕಾಗಿದೆ.

ಮೊದಲನೆಯದು ಕಲ್ಯಾಣ. ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸುಮಾರು ೧೧೩೦ರಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದವೆಂಬ ಒಂದು ಪ್ರಕರಣವಿದೆ. ವಿನೋದವೆಂಬ ಹೆಸರಿದ್ದರೂ ಅದರಲ್ಲಿ ಅರಸನ ಮನೋರಂಜನೆಗಿಂತ ಮಲ್ಲರ ಪೋಷಣೆಯ ವಿಚಾರವೇ ವಿಶೇಷವಾಗಿ ಬಂದಿದೆ. ಮಲ್ಲರನ್ನು ವಯಸ್ಸು ಮತ್ತು ಶಕ್ತಿಗಳಿಗೆ ಅನುಗುಣವಾಗಿ ವಿಂಗಡಿಸತಕ್ಕ ಕ್ರಮ, ಅವರಿಗೆ ಕೊಡತಕ್ಕ ಆಹಾರ, ಅವರು ಮಾಡತಕ್ಕ ಶ್ರಮಗಳು, ಇವೆಲ್ಲವೂ ಅಲ್ಲಿ ಉಕ್ತವಾಗಿವೆ. ಭಾರವನ್ನೆತ್ತುವ ಭಾರಶ್ರಮ, ನಡೆದಾಡುವ ಭ್ರಮಣಶ್ರಮ, ಈಜುವ ಸಲಿಲಶ್ರಮ, ಕಂಬವನ್ನೇರುವ ಸ್ತಂಭಶ್ರಮ ಎಂದು ಮುಂತಾಗಿ ಗ್ರಂಥಕಾರನು ಹೆಸರಿಟ್ಟು ವಿವರಿಸುತ್ತಾನೆ. ಮಲ್ಲರಲ್ಲಿ ಮೇಲಿನ ದರ್ಜೆಯವನನ್ನು ಅವನು ಜ್ಯೇಷ್ಠಿಕನೆಂದು ಕರೆದಿದ್ದಾನೆ. ಮೈಸೂರು ಸೀಮೆಯ 'ಜೆಟ್ಟಿ' ಎಂಬ ಹೆಸರು ಈ ಮಾತಿಗೆ ಸಂಬಂಧಿಸಿದುದೆಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಗುಜರಾತಿನಲ್ಲಿಯೂ ಜ್ಯೇಷ್ಠಿಮಲ್ಲರೆಂಬ ಸಮುದಾಯವಿದ್ದು, ಅವರದೇ ಆದ 'ಮಲ್ಲಪುರಾಣ'ವು ೧೯೬೪ರಲ್ಲಿ ಬರೋಡದಿಂದ ಪ್ರಕಟವಾಯಿತು.

ಕಾಳಗವಾಡುವವನು ಬೇರೆ, ಅವನನ್ನು ಸಾಕುವವನು ಬೇರೆ; ಆದರೆ ಸಾಕುವುದು ಕಾಳಗದ ಒಂದು ಅಂಗವೇ ಎಂಬ ತತ್ತ್ವವು ಹನ್ನೆರಡನೆಯ ಶತಮಾನದಷ್ಟು ಹಿಂದೆಯೇ ಶಾಸ್ತ್ರರೂಪವನ್ನು ತಾಳಿದ್ದಿತೆಂದು ಇದರಿಂದ ವಿದಿತವಾಗುತ್ತದೆ.

ಎರಡನೆಯದು ವಿಜಯನಗರ. ಅಲ್ಲಿಯ ಮಹಾನವಮಿಯನ್ನು ಕಣ್ಣಾರೆ ಕಂಡು ಬರೆದ ಇಬ್ಬರು ಪೋರ್ಚುಗೀಸರ ಮಾತುಗಳು ನಮಗೆ ಮುಖ್ಯ. ಕೃಷ್ಣದೇವರಾಯನ ಕಾಲದಲ್ಲಿ, ೧೫೨೦ರ ಸುಮಾರಿಗೆ ಬಂದ ಡೊಮಿಂಗೊ ಪಾಯೆಸನು ಹಲ್ಲು ಮುರಿಯುವ, ಕಣ್ಣು ಕೀಳುವ, ಮುಖವನ್ನು ಗುರುತು ಸಿಗದಂತೆ ಮಾಡುವ ಹೊಡೆತಗಳನ್ನು ವರ್ಣಿಸುತ್ತಾನೆ; ಸೋತವರನ್ನು ಮಾತಿಲ್ಲದ ಸ್ಥಿತಿಯಲ್ಲಿ ಗೆಳೆಯರು ಹೊತ್ತುಕೊಂಡು ಹೋಗುತ್ತಿದ್ದರಂತೆ. ಇದಕ್ಕಿಂತ ಗಮನಾರ್ಹವಾದುದು ಅವನು ಹೇಳುವ ಇನ್ನೊಂದು ಸಂಗತಿ. ಮಲ್ಲರಿಗೆ ನಾಯಕರೂ ತೀರ್ಪುಗಾರರೂ ಇದ್ದರು. ಇಬ್ಬರನ್ನು ಸಮಾನ ನೆಲೆಯಲ್ಲಿ ನಿಲ್ಲಿಸುವುದೂ ಗೆದ್ದವನಿಗೆ ಸಲ್ಲತಕ್ಕ ಗೌರವವನ್ನು ನಿರ್ಣಯಿಸುವುದೂ ಇವರ ಕೆಲಸವಾಗಿತ್ತು. ಇದು ಬೀದಿಯ ಜಗಳವಲ್ಲ, ಕಟ್ಟಳೆಗೊಳಪಟ್ಟ ಪಂದ್ಯವೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಾಗಿಲ್ಲ.

ಅನಂತರ ೧೫೩೫ರ ಸುಮಾರಿಗೆ ಬರೆದ ಫೆರ್ನಾವೊ ನುನಿಜನು ಅರಸನಿಗೆ ಒಂದು ಸಾವಿರ ಮಲ್ಲರಿದ್ದರೆಂದೂ, ಅವರು ಕೈಯಲ್ಲಿ ಮೊನೆಗಳುಳ್ಳ ಬಳೆಯಂಥ ಆಯುಧವನ್ನು ಹಿಡಿದು ಹೊಡೆದಾಡುತ್ತಿದ್ದರೆಂದೂ ಹೇಳುತ್ತಾನೆ. ಅವನ ಬರಹದ ಎರಡು ಅಂಶಗಳು ನಮ್ಮ ವಿಚಾರಕ್ಕೆ ಅಮೂಲ್ಯವಾದುವು. ಈ ಮಲ್ಲರು ರಾಜ್ಯದಲ್ಲಿ ಬೇರಾವ ಸೇವೆಯನ್ನೂ ಮಾಡತಕ್ಕವರಲ್ಲ ಎಂಬುದು ಒಂದು. ಹೆಚ್ಚು ಗಾಯಗೊಂಡವನೇ ಮುಂದೆ ಹೋಗಿ ಅರಸನಿಂದ ರೇಷ್ಮೆಯ ವಸ್ತ್ರವನ್ನು ಪಡೆಯುತ್ತಿದ್ದನೆಂಬುದು ಇನ್ನೊಂದು. ಸಾವಿರದ ಲೆಕ್ಕವನ್ನು ಪ್ರವಾಸಿಯ ಉತ್ಪ್ರೇಕ್ಷೆಯೆಂದು ಕಳೆದರೂ ಉಳಿದ ಮಾತುಗಳ ಬೆಲೆ ಕುಂದುವುದಿಲ್ಲ. ಮೊದಲನೆಯ ಅಂಶದಿಂದ ಮಲ್ಲನು ಪೂರ್ಣಾರ್ಥದಲ್ಲಿ ವೃತ್ತಿಯ ಆಟಗಾರನೆಂದು ತಿಳಿಯುತ್ತದೆ. ಎರಡನೆಯದರಿಂದ, ಉಡುಗೊರೆಯು ಗೆಲುವಿಗೆ ಕೊಡುವ ಬೆಲೆ ಮಾತ್ರವಾಗಿರದೆ ದೇಹಕ್ಕಾದ ನಷ್ಟವನ್ನು ತುಂಬಿಕೊಡುವ ಕ್ರಮವೂ ಆಗಿದ್ದಿತೆಂದು ಊಹಿಸಬಹುದಾಗಿದೆ.

೩

ವಿಜಯನಗರದ ಪ್ರತಿನಿಧಿಯ ಕೈಯಲ್ಲಿದ್ದ ಶ್ರೀರಂಗಪಟ್ಟಣವನ್ನು ರಾಜ ಒಡೆಯರು ೧೬೧೦ರಲ್ಲಿ ವಶಪಡಿಸಿಕೊಂಡು, ಅದೇ ವರ್ಷ ಅಲ್ಲಿ ನವರಾತ್ರಿಯ ಉತ್ಸವವನ್ನು ಆಚರಿಸಿದರು. ಹಂಪೆಯ ಮಹಾನವಮಿಯು ೧೫೬೫ರ ಯುದ್ಧದ ತರುವಾಯ ತನ್ನ ನೆಲೆಯನ್ನು ಕಳೆದುಕೊಂಡಿತ್ತು. ಆ ಉತ್ಸವವನ್ನು ಕಾವೇರಿಯ ನಡುಗಡ್ಡೆಯಲ್ಲಿ ಮತ್ತೆ ನಿಲ್ಲಿಸಿದುದು ಕೇವಲ ಭಕ್ತಿಯ ಕಾರ್ಯವಾಗಿರಲಿಲ್ಲ. ವಿಜಯನಗರದ ಉತ್ತರಾಧಿಕಾರವು ತಮಗೆ ಸಲ್ಲುವುದೆಂಬ ರಾಜಕೀಯ ಘೋಷಣೆಯೂ ಆಗಿತ್ತು. ಮಹಾನವಮಿಯ ಒಡ್ಡೋಲಗಕ್ಕೆ ಆನೆ, ಕುದುರೆ, ಸಾಮಂತರ ಕಾಣಿಕೆಗಳು ಎಷ್ಟು ಅವಶ್ಯಕವೋ ಮಲ್ಲರೂ ಅಷ್ಟೇ ಅವಶ್ಯಕರು. ಹಂಪೆಯ ಮಹಾನವಮಿ ದಿಬ್ಬದ ಶಿಲ್ಪಪಟ್ಟಿಕೆಗಳಲ್ಲಿ ಆನೆ ಕುದುರೆಗಳ ಜೊತೆಗೆ ಮಲ್ಲರೂ ಕಾಣಿಸಿಕೊಳ್ಳುವುದನ್ನು ನೋಡಿದವರಿಗೆ ಈ ಮಾತು ಸ್ಪಷ್ಟವಾಗುತ್ತದೆ.

ಈ ಪರಂಪರೆಗೆ ಶ್ರೀರಂಗಪಟ್ಟಣದಲ್ಲಿ ವಿಶೇಷ ಕಾಂತಿ ಬಂದುದು ರಣಧೀರ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ (೧೬೩೮-೧೬೫೯). ಗೋವಿಂದವೈದ್ಯನು ೧೬೪೮ರಲ್ಲಿ ಸಾಂಗತ್ಯದಲ್ಲಿ ರಚಿಸಿದ 'ಕಂಠೀರವ ನರಸರಾಜ ವಿಜಯ'ವು ಆ ಕಾಲದ ಶ್ರೀರಂಗಪಟ್ಟಣದ ಬೀದಿಗಳನ್ನೂ ನವರಾತ್ರಿಯ ಒಡ್ಡೋಲಗವನ್ನೂ ವಿಸ್ತಾರವಾಗಿ ವರ್ಣಿಸುತ್ತದೆ. ಈ ಕಾವ್ಯವನ್ನು ಓದುವ ವಿದ್ಯಾರ್ಥಿಗಳು ಇದು ಆಶ್ರಯದಾತನ ಕೀರ್ತಿಗಾಗಿ ಬರೆದುದೆಂಬುದನ್ನು ಮರೆಯದೆ, ಆದರೂ ಉತ್ಸವದ ಕ್ರಮವನ್ನು ಬಲ್ಲವನು ಬರೆದುದೆಂಬುದನ್ನೂ ನೆನಪಿನಲ್ಲಿಡಬೇಕು.

ಕಂಠೀರವರು ಸ್ವತಃ ಮಲ್ಲವಿದ್ಯೆಯಲ್ಲಿ ನಿಪುಣರೆಂದು ಖ್ಯಾತರು. ತಿರುಚಿರಾಪಳ್ಳಿಯಲ್ಲಿ ಒಬ್ಬ ಮಲ್ಲನು ತನ್ನನ್ನು ಸೋಲಿಸುವವರಿಲ್ಲವೆಂಬ ಗರ್ವದಿಂದ ಊರಬಾಗಿಲಿಗೆ ತನ್ನ ಲಂಗೋಟಿಯನ್ನು ತೂಗುಹಾಕಿದ್ದನೆಂದೂ, ಇವರು ವೇಷ ಮರೆಸಿಕೊಂಡು ಹೋಗಿ ಅವನನ್ನು ಕೊಂದು ಬಂದರೆಂದೂ ಐತಿಹ್ಯವಿದೆ. ೧೯೬೦ರಲ್ಲಿ ತೆರೆಗೆ ಬಂದ 'ರಣಧೀರ ಕಂಠೀರವ' ಚಲನಚಿತ್ರವು ಈ ಕಥೆಯನ್ನು ಮನೆಮನೆಗೆ ಮುಟ್ಟಿಸಿತು. ಐತಿಹ್ಯದ ಸತ್ಯಾಸತ್ಯಗಳನ್ನು ನಿರ್ಣಯಿಸುವುದು ನಮ್ಮ ಉದ್ದೇಶವಲ್ಲ. ಅದರಲ್ಲಿ ಅಡಗಿರುವ ಒಂದು ಭೇದವನ್ನು ಮಾತ್ರ ತೋರಿಸಬಯಸುತ್ತೇವೆ. ಕಥೆಯ ಅರಸನು ಗೆದ್ದು, ಸಂಭಾವನೆಗಾಗಿ ಕಾಯದೆ, ತನ್ನ ರಾಜ್ಯಕ್ಕೆ ಹಿಂದಿರುಗುತ್ತಾನೆ. ಅವನಿಗೆ ಮಲ್ಲವಿದ್ಯೆಯು ಶೌರ್ಯದ ಅಲಂಕಾರ. ಬಾಗಿಲಿಗೆ ಲಂಗೋಟಿ ಕಟ್ಟಿದವನಿಗೆ ಅದೇ ವಿದ್ಯೆ ಹೊಟ್ಟೆಯ ಪಾಡು. ಜನರು ಕಥೆ ಹೇಳುವಾಗ ಅರಸನ ಪಕ್ಷವನ್ನು ವಹಿಸುವುದು ಸಹಜ. ಚರಿತ್ರಕಾರನಾದರೋ ಸೋತ ಮಲ್ಲನ ಕಡೆಗೂ ಒಮ್ಮೆ ತಿರುಗಿ ನೋಡಬೇಕಾಗಿದೆ. ಅವನ ಹೆಸರು ಏನೆಂಬುದನ್ನು ಕಥೆಯೂ ಹೇಳುವುದಿಲ್ಲ.

೪

ಹೈದರನು ಅಧಿಕಾರಕ್ಕೆ ಬಂದ ಮೇಲೆಯೂ ಶ್ರೀರಂಗಪಟ್ಟಣದಲ್ಲಿ ನವರಾತ್ರಿಯಂದು ಒಡೆಯರನ್ನು ಪ್ರಜೆಗಳ ಮುಂದೆ ಕೂರಿಸುವ ಪದ್ಧತಿಯು ಉಳಿದಿತ್ತು. ಟಿಪ್ಪುವಿನ ಕಾಲದ ಜೆಟ್ಟಿ ಕಾಳಗಗಳನ್ನು ಕುರಿತು ನಮಗೆ ದೊರೆಯುವ ವಿವರವಾದ ಬರಹವು ಜೇಮ್ಸ್ ಸ್ಕರಿ ಎಂಬವನದು. ೧೭೮೨ರಲ್ಲಿ ಹಡಗಿನಲ್ಲಿ ಸೆರೆಸಿಕ್ಕಿದ ಈ ಇಂಗ್ಲಿಷ್ ಹುಡುಗನು ಸುಮಾರು ಹತ್ತು ವರ್ಷ ಮೈಸೂರು ರಾಜ್ಯದಲ್ಲಿ ಬಂದಿಯಾಗಿದ್ದನು. ಅವನ ವೃತ್ತಾಂತವು ೧೮೨೪ರಲ್ಲಿ ಅಚ್ಚಾಯಿತು.

ಜೆಟ್ಟಿಗಳು ತಮ್ಮ ಗುರುಗಳನ್ನು ಮುಂದಿಟ್ಟುಕೊಂಡು ಬರುತ್ತಿದ್ದರು. ನೆಲಮುಟ್ಟಿ ಸಲಾಮು ಮಾಡುತ್ತಿದ್ದರು. ಒಂದು ಗರಡಿಯವರಿಗೆ ಇನ್ನೊಂದು ಗರಡಿಯವರನ್ನು ಜೋಡಿ ಮಾಡಲಾಗುತ್ತಿತ್ತು. ತಲೆ ಬೋಳಿಸಿ, ಮೈಗೆ ಎಣ್ಣೆ ಸವರಿ, ಮೊಳಕಾಲ ಮೇಲಿನ ಚಲ್ಲಣ ಮಾತ್ರ ತೊಟ್ಟಿರುತ್ತಿದ್ದರು. ಅಪ್ಪಣೆಯಾದೊಡನೆ ಕೊರಳಿನ ಹೂಗಳನ್ನು ಒಬ್ಬರ ಮುಖಕ್ಕೆ ಒಬ್ಬರು ಎಸೆದು ಕಾಳಗವನ್ನು ತೊಡಗುತ್ತಿದ್ದರು. ಕೈಕಾಲು ಮುರಿಯುವುದು ಅಪರೂಪವಾಗಿರಲಿಲ್ಲ. ಚೆನ್ನಾಗಿ ಹೋರಾಡಿದವರಿಗೆ ಯೋಗ್ಯತೆಗೆ ತಕ್ಕ ರುಮಾಲು ಮತ್ತು ಶಾಲು ದೊರೆಯುತ್ತಿದ್ದುವು. ಆದರೆ ಪ್ರತಿಯೊಬ್ಬನ ಹಿಂದೆ ಇಬ್ಬರು ದೃಢಕಾಯರು ಆಯುಧ ಹಿಡಿದು ನಿಂತಿದ್ದು, ಹಿಂಜರಿದವನನ್ನು ಮುಂದಕ್ಕೆ ತಿವಿಯುತ್ತಿದ್ದರೆಂದೂ, ದೊರೆ ಸಾಕೆನ್ನುವವರೆಗೆ ಹೋರಾಡಲೇಬೇಕಿತ್ತೆಂದೂ ಸ್ಕರಿ ಬರೆದಿದ್ದಾನೆ. ಬಂದಿಗಳಾಗಿದ್ದ ಇಂಗ್ಲಿಷರ ಬರಹಗಳಲ್ಲಿ ಜೆಟ್ಟಿಗಳು ಮರಣದಂಡನೆಯನ್ನು ನೆರವೇರಿಸುವವರಾಗಿಯೂ ಕಾಣಿಸಿಕೊಳ್ಳುತ್ತಾರೆ.

ಸೆರೆಯಲ್ಲಿ ಬಳಲಿದವನ ಬರಹವು ದ್ವೇಷದಿಂದ ಬಣ್ಣ ಪಡೆದಿರುವುದು ಸಂಭಾವ್ಯ. ಅದನ್ನು ಇತರ ಆಧಾರಗಳೊಡನೆ ತೂಗಿ ನೋಡಬೇಕು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸನು ೧೮೧೦ರಿಂದ ಪ್ರಕಟವಾದ ತನ್ನ ಇತಿಹಾಸದಲ್ಲಿ ದಸರೆಯ ಜೆಟ್ಟಿ ಕಾಳಗವನ್ನು ವರ್ಣಿಸಿದ್ದಾನೆ. ಕೈಯ ಆಯುಧವು ಉಕ್ಕಿನ ಉಗುರುಗಳುಳ್ಳದ್ದೆಂದು ಸ್ಕರಿ ಹೇಳಿದರೆ, ಎಮ್ಮೆಯ ಕೊಂಬಿನಿಂದ ಮಾಡಿದ ನಾಲ್ಕು ಮೊನೆಗಳುಳ್ಳದ್ದೆಂದು ವಿಲ್ಕ್ಸನು ಹೇಳುತ್ತಾನೆ. ವಸ್ತುವಿನಲ್ಲಿ ಹೀಗೆ ಭಿನ್ನತೆಯಿದ್ದರೂ, ಬೋಳಿಸಿದ ತಲೆ, ಒಂದೇ ಕೈಗೆ ತೊಟ್ಟ ಆಯುಧ, ಹೊಡೆತದೊಡನೆ ಬೆರೆತ ಮಲ್ಲಬಂಧಗಳು, ಇವುಗಳಲ್ಲಿ ಇಬ್ಬರ ಮಾತೂ ಹೊಂದಿಕೊಳ್ಳುತ್ತದೆ. ನುನಿಜನು ಕಂಡ ಆಯುಧವನ್ನು ಇದರೊಡನೆ ಹೋಲಿಸಿದರೆ, ವಿಜಯನಗರದಿಂದ ಶ್ರೀರಂಗಪಟ್ಟಣದವರೆಗೆ ಎರಡೂವರೆ ಶತಮಾನಗಳ ಅವಿಚ್ಛಿನ್ನ ಪರಂಪರೆಯೊಂದು ಕಣ್ಣಿಗೆ ಕಟ್ಟುತ್ತದೆ. ಇದೇ ವಜ್ರಮುಷ್ಟಿ.

ಇಲ್ಲಿ ನಮ್ಮ ಎರಡನೆಯ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ವರ್ಷವಿಡೀ ಅರಮನೆಯ ಅನ್ನವನ್ನು ಉಂಡವನು ಅರಮನೆ ಹೇಳಿದ ಕೆಲಸವನ್ನು ಮಾಡಲೇಬೇಕಾಗಿತ್ತು. ದೇಹವನ್ನು ಸಾಕಿದವರು ಆ ದೇಹದ ಒಡೆತನವನ್ನೂ ಕೇಳಿದರು. ಹಿಂದಿನ ಪೋಷಣೆಯನ್ನು ಇಂದು ಹೊಗಳುವವರು ಅದರ ಈ ಮುಖವನ್ನು ಮುಚ್ಚಿಡುವುದು ಪ್ರಾಮಾಣಿಕವಾಗಲಾರದು.

೫

೧೭೯೯ರ ಮೇ ೪ರಂದು ಶ್ರೀರಂಗಪಟ್ಟಣ ಬಿದ್ದಿತು. ಮುಮ್ಮಡಿ ಕೃಷ್ಣರಾಜ ಒಡೆಯರು ಪಟ್ಟಕ್ಕೆ ಬಂದು, ರಾಜಧಾನಿಯು ಮೈಸೂರಿಗೆ ಹೋಯಿತು. ಅದರೊಡನೆ ನವರಾತ್ರಿಯೂ ಜೆಟ್ಟಿಗಳೂ ಹೋದರು. ಅಂದಿನಿಂದ ಕಾಳಗವು ಮೆಲ್ಲಮೆಲ್ಲನೆ ಎರಡು ಕವಲಾಗಿ ಒಡೆಯಿತು. ಈ ಒಡಕನ್ನು ಸರಿಯಾಗಿ ಗ್ರಹಿಸದೆ ವಜ್ರಮುಷ್ಟಿಯನ್ನೂ ಕುಸ್ತಿಯನ್ನೂ ಒಂದೆಂದು ಬರೆಯುವವರು ಇಂದಿಗೂ ಇದ್ದಾರೆ.

ಮೊದಲ ಕವಲು ವಜ್ರಮುಷ್ಟಿ. ಇದು ಅರಮನೆಯ ಒಳಗೆ ಉಳಿದು, ಕ್ರಮೇಣ ಪಂದ್ಯದ ಲಕ್ಷಣವನ್ನು ಬಿಟ್ಟು ವಿಧಿಯ ಲಕ್ಷಣವನ್ನು ತಾಳಿತು. ವಿಜಯದಶಮಿಯ ಬೆಳಗ್ಗೆ ಅರಮನೆಯ ಕರಿಕಲ್ಲು ತೊಟ್ಟಿಯಲ್ಲಿ ಎರಡು ಜೋಡಿಗಳು ಸೆಣಸುತ್ತವೆ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳ ಜೆಟ್ಟಿ ಮನೆತನಗಳಿಂದ ಇವರು ಬರುತ್ತಾರೆ. ಬೋಳಿಸಿದ ತಲೆಯಿಂದ ಮೊದಲ ರಕ್ತ ಚಿಮ್ಮಿದೊಡನೆ ಕಾಳಗ ನಿಲ್ಲುತ್ತದೆ. ಅನಂತರ ಬನ್ನಿಪೂಜೆಯ ಮೆರವಣಿಗೆ ಮುಂದುವರಿಯುತ್ತದೆ. ಇಲ್ಲಿ ಗೆಲುವು ಮುಖ್ಯವಲ್ಲ. ಒಮ್ಮೆ ಕೈಕಾಲು ಮುರಿಯುವವರೆಗೆ ನಡೆಯುತ್ತಿದ್ದುದು ಈಗ ಒಂದು ಹನಿ ರಕ್ತದ ಸಂಕೇತಕ್ಕೆ ಇಳಿದಿದೆ. ೧೯೦೯ರಲ್ಲಿ ಪ್ರಕಟವಾದ ಥರ್ಸ್ಟನ್ನನ ಜಾತಿವಿವರಣ ಗ್ರಂಥದಲ್ಲಿ ಜೆಟ್ಟಿಗಳಿಗೆ ಪ್ರತ್ಯೇಕ ಸ್ಥಾನ ದೊರೆತಿರುವುದನ್ನು ನೋಡಿದರೆ, ಆ ವೇಳೆಗೆ ಅವರು ಮುಖ್ಯವಾಗಿ ಒಂದು ಸಮುದಾಯವೆಂದು ಗಣಿಸಲ್ಪಡುತ್ತಿದ್ದರೆಂದು ತಿಳಿಯುತ್ತದೆ.

ಎರಡನೆಯ ಕವಲು ಕುಸ್ತಿ. ಇದು ಅರಮನೆಯ ಹೊರಗೆ, ಗರಡಿಮನೆಗಳಲ್ಲಿ ಬೆಳೆಯಿತು. ಇದಕ್ಕೆ ಜಾತಿಯ ಕಟ್ಟಿರಲಿಲ್ಲ. ಇದರ ಶಬ್ದಸಂಪತ್ತೇ ಇದರ ಚರಿತ್ರೆಯನ್ನು ಹೇಳುತ್ತದೆ: ಗರಡಿ, ಸಾಮು, ಪಟ್ಟು ಎಂಬ ನಮ್ಮ ಮಾತುಗಳ ಪಕ್ಕದಲ್ಲಿಯೇ ಕುಸ್ತಿ, ಪೈಲ್ವಾನ, ಉಸ್ತಾದ ಎಂಬ ಪಾರಸಿಯ ಮಾತುಗಳು ನಿಂತಿವೆ. ಆಂಜನೇಯನ ಪಟಕ್ಕೆ ಕೈಮುಗಿದು ಮಟ್ಟಿಗೆ ಇಳಿಯುವ ಹುಡುಗನು ತನ್ನ ಗುರುವನ್ನು ಉಸ್ತಾದರೆಂದು ಕರೆಯುವುದರಲ್ಲಿ ಯಾರಿಗೂ ಅಸಂಗತವೇನೂ ತೋರುವುದಿಲ್ಲ. ಸಂಸ್ಕೃತ ಶಾಸ್ತ್ರವೂ ಪಾರಸಿಯ ಮಾತೂ ಒಂದೇ ಕೆಮ್ಮಣ್ಣಿನಲ್ಲಿ ಕಲೆತುಹೋದುವು.

ಈ ಗರಡಿಗಳನ್ನು ಸಾಕಿದವರು ಯಾರು? ನಗರದಲ್ಲಿ ಅರಮನೆಯ ಕೃಪೆಯೂ ಇತ್ತು, ಕೇರಿಯವರ ವಂತಿಗೆಯೂ ಇತ್ತು. ಹಳ್ಳಿಗಳಲ್ಲಿ ಮನೆಯ ಎಮ್ಮೆಯ ಹಾಲು, ಊರಿನವರು ಎತ್ತಿಕೊಟ್ಟ ಕಾಳು, ಜಾತ್ರೆಯಲ್ಲಿ ಗೆದ್ದವನ ಕೈಗೆ ಹಿರಿಯರು ಹಾಕಿದ ಹಣ, ಇವೇ ಪೈಲ್ವಾನನ ವೃತ್ತಿ. ಹೆಸರು ಮಾಡಿದ 'ನಮ್ಮೂರ ಪೈಲ್ವಾನ'ನು ಊರಿನ ಆಸ್ತಿಯೆಂಬ ಭಾವನೆಯು ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಬಲವಾಗಿತ್ತು. ಅರಸನೊಬ್ಬನು ಮಾಡುತ್ತಿದ್ದ ಪೋಷಣೆಯನ್ನು ಊರು ಹಂಚಿಕೊಂಡು ಮಾಡಿತು. ಅರಮನೆ ಕೇಳಿದಂತೆ ಅದು ದೇಹದ ಒಡೆತನವನ್ನು ಕೇಳಲಿಲ್ಲ. ಊರಿನ ಮಾನವನ್ನು ಉಳಿಸಬೇಕೆಂದು ಮಾತ್ರ ಕೇಳಿತು.

೬

ಸ್ವಾತಂತ್ರ್ಯಾನಂತರ ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು. ೧೯೭೧ರಲ್ಲಿ ಸಂವಿಧಾನದ ೨೬ನೆಯ ತಿದ್ದುಪಡಿಯಿಂದ ರಾಜಧನವೂ ನಿಂತಿತು. ದಸರೆಯು ನಾಡಹಬ್ಬವಾಗಿ ಸರ್ಕಾರದ ಹೊಣೆಗೆ ಬಂದಿತು. ಕುಸ್ತಿಯು ಮೈಸೂರಿನ ದೊಡ್ಡಕೆರೆ ಮೈದಾನದ ಕಣದಲ್ಲಿ ನೆಲೆಗೊಂಡು, ದಸರಾ ಕೇಸರಿ, ದಸರಾ ಕಂಠೀರವ, ದಸರಾ ಕುಮಾರ ಎಂಬ ಬಿರುದುಗಳು ಬಂದುವು. ಮಹಿಳೆಯರಿಗಾಗಿ ದಸರಾ ಕಿಶೋರಿ ಎಂಬ ಬಿರುದೂ ಬಂದಿತು. ಹೆಣ್ಣುಮಕ್ಕಳು ಮಟ್ಟಿಯ ಬಳಿಗೂ ಬರಬಾರದೆಂದಿದ್ದ ಕಾಲವನ್ನು ನೆನೆದರೆ, ಈ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಬದಲಾವಣೆ ಇನ್ನೊಂದಿಲ್ಲ. ಶ್ರೀರಂಗಪಟ್ಟಣದ ಅರಸನ ಹೆಸರನ್ನು ನೆನಪಿಗೆ ತರುವ ಕಂಠೀರವ ಬಿರುದು ಮೈಸೂರಿನ ಕಣದಲ್ಲಿ ಉಳಿದಿರುವುದೂ ಗಮನಾರ್ಹ. ಶ್ರೀರಂಗಪಟ್ಟಣದಲ್ಲಿಯೂ ಈಚೆಗೆ ಕಿರಂಗೂರಿನ ಬನ್ನಿಮಂಟಪದಿಂದ ದಸರೆಯ ಮೆರವಣಿಗೆಯು ಮತ್ತೆ ಹೊರಡುತ್ತಿದೆ.

ಪಂದ್ಯಕ್ಕೆ ಮುಂಚೆ ತೂಕ ಮತ್ತು ಸಾಮರ್ಥ್ಯವನ್ನು ನೋಡಿ ಸಮಬಲದವರನ್ನು ಗೊತ್ತುಮಾಡುವ 'ಜೋಡಿ ಕಟ್ಟುವ' ಕಾರ್ಯ ಇಂದಿಗೂ ನಡೆಯುತ್ತದೆ. ಪಾಯೆಸನು ಕಂಡ ತೀರ್ಪುಗಾರರ ಕೆಲಸವೇ ಇದು. ಐನೂರು ವರ್ಷಗಳಲ್ಲಿ ಅರಸರು ಹೋದರು, ರಾಜಧಾನಿಗಳು ಹೋದುವು, ಆಯುಧವು ಕೈಬಿಟ್ಟಿತು. ಸಮಾನರನ್ನು ಸಮಾನರೊಡನೆ ನಿಲ್ಲಿಸಬೇಕೆಂಬ ನ್ಯಾಯವೊಂದು ಉಳಿಯಿತು.

ಉಳಿಯದೆ ಹೋದುದು ವರ್ಷದ ಅನ್ನ. ಇಂದು ಗೆದ್ದ ದಿನ ಬಹುಮಾನವುಂಟು. ಮುಪ್ಪಿನಲ್ಲಿ ಮಾಜಿ ಪೈಲ್ವಾನರಿಗೆ ಸರ್ಕಾರದ ಮಾಸಾಶನವುಂಟು. ಇವೆರಡರ ನಡುವೆ, ಮೈಯಲ್ಲಿ ಕಸುವಿರುವ ಹತ್ತು ಹದಿನೈದು ವರ್ಷಗಳ ಕಾಲ ದಿನದಿನವೂ ಬೇಕಾದ ಹಾಲು ಬಾದಾಮಿಗಳ ಹೊಣೆಯು ಬಹುಮಟ್ಟಿಗೆ ಆ ಮನೆಯವರ ಮೇಲೆಯೇ ಬಿದ್ದಿದೆ. ೨೦೨೦ರಲ್ಲಿ ಕೋವಿಡ್ ಪಿಡುಗಿನ ನಿಮಿತ್ತ ದಸರೆಯು ಸರಳವಾಗಿ ನಡೆದು ಕುಸ್ತಿಯನ್ನು ಕೈಬಿಟ್ಟಾಗ, ಪ್ರೇಕ್ಷಕನಿಗೆ ತಪ್ಪಿದುದು ಒಂದು ಸಂಜೆಯ ನೋಟ. ಪೈಲ್ವಾನನಿಗೆ ತಪ್ಪಿದುದು ಒಂದು ವರ್ಷ.

ಈ ಕೊರತೆಯು ಅನಿವಾರ್ಯವೇ? ಬೇರೊಂದು ವೃತ್ತಿಪಂದ್ಯದೊಡನೆ ಹೋಲಿಸಿ ನೋಡೋಣ. ಶ್ರೀರಂಗಪಟ್ಟಣದ ಜ್ವರಕ್ಕೆ ಅಂಜಿ ಇಂಗ್ಲಿಷರು ತಮ್ಮ ಸೈನ್ಯವನ್ನು ೧೮೦೯ರಲ್ಲಿ ಬೆಂಗಳೂರಿಗೆ ಸಾಗಿಸಿದರು. ಹಾಗೆ ಹುಟ್ಟಿದ ದಂಡುಪ್ರದೇಶದ ಆಟಗಳಲ್ಲಿ ಗಾಲ್ಫ್ ಒಂದು. ಬೆಂಗಳೂರಿನ ಗಾಲ್ಫ್ ಕ್ಲಬ್ಬು ೧೮೭೬ರಷ್ಟು ಹಳೆಯದು. ಇಂಡಿಯನ್ ಓಪನ್ ಎಂಬ ಗಾಲ್ಫ್ ಪಂದ್ಯವು ೧೯೬೪ರಲ್ಲಿ ದೆಹಲಿಯಲ್ಲಿ ಆರಂಭವಾದಾಗ ಆಸ್ಟ್ರೇಲಿಯದ ಪೀಟರ್ ಥಾಮ್ಸನ್ ಗೆದ್ದನು. ಅದೇ ಪಂದ್ಯವನ್ನು ೨೦೦೯ರಲ್ಲಿ ಗೆದ್ದವರು ಬೆಂಗಳೂರಿನ ಸಿ. ಮುನಿಯಪ್ಪ. ಇತರರ ಗಾಲ್ಫ್ ಚೀಲವನ್ನು ಹೊರುವ ಕ್ಯಾಡಿಯಾಗಿ ಮೈದಾನವನ್ನು ಹೊಕ್ಕವರು ಅವರು. ೨೦೧೨ರಲ್ಲಿ ಆ ಪಂದ್ಯ ಬೆಂಗಳೂರಿಗೂ ಬಂದಿತು. ಸಿರಿವಂತರ ಆಟವೆನಿಸಿದ ಗಾಲ್ಫಿನಲ್ಲಿ ದುಡಿಯುವ ಮನೆಯ ಹುಡುಗನೊಬ್ಬನು ಮೇಲೇರಿದುದು ಹೇಗೆಂದು ನೋಡಿದರೆ, ಅಲ್ಲಿಯೂ ನಮ್ಮ ತತ್ತ್ವವೇ ಕಾಣುತ್ತದೆ. ಕ್ಲಬ್ಬಿನ ಕೂಲಿಯು ಅವನನ್ನು ದಿನವೂ ಆಟದ ಹತ್ತಿರ ಇರಿಸಿತು. ೨೦೦೬ರಲ್ಲಿ ಸ್ಥಾಪಿತವಾದ ಭಾರತೀಯ ವೃತ್ತಿ ಗಾಲ್ಫ್ ಸಂಸ್ಥೆಯು ಒಂದೇ ಪಂದ್ಯವನ್ನಲ್ಲ, ಊರೂರಿಗೆ ಸಾಗುವ ಪಂದ್ಯಗಳ ಸರಣಿಯನ್ನು ನಡೆಸುತ್ತದೆ. ಒಂದರಲ್ಲಿ ಸೋತವನಿಗೆ ಇನ್ನೊಂದು ಕಾದಿರುತ್ತದೆ. ಕುಸ್ತಿಗಾದರೋ ನಾವು ಹಬ್ಬದ ಒಂದು ಕಣವನ್ನು ಉಳಿಸಿಕೊಂಡೆವು, ಅದರ ಸುತ್ತಣ ವರ್ಷವನ್ನು ಬಿಟ್ಟುಕೊಟ್ಟೆವು. ಕೊಲ್ಹಾಪುರದಲ್ಲಿ ಶಾಹು ಮಹಾರಾಜರು ಖಾಸಬಾಗ್ ಕಣವನ್ನು ಕಟ್ಟಿಸಿ ಪೈಲ್ವಾನರಿಗೆ ಆಶ್ರಯವಿತ್ತರು. ಆ ಸೀಮೆಯ ಖಾಶಾಬಾ ಜಾಧವರು ೧೯೫೨ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಕಂಚಿನ ಪದಕವನ್ನು ಗೆದ್ದುದು ಆ ನೆಲದ ಫಲವೆಂದರೆ ತಪ್ಪಾಗಲಾರದು.

೭

ಮೇಲಿನ ವಿವೇಚನೆಯಿಂದ ನಾವು ತಲುಪಿದ ನಿರ್ಣಯವನ್ನು ಸಂಗ್ರಹವಾಗಿ ಹೇಳಬಹುದು. ಕಲ್ಯಾಣದಿಂದ ಶ್ರೀರಂಗಪಟ್ಟಣದವರೆಗೆ ಮಲ್ಲಕಾಳಗವು ಅರಸನ ಪೋಷಣೆಯಿಂದ ಬದುಕಿತು. ಆ ಪೋಷಣೆಗೆ ಮಲ್ಲನು ತೆತ್ತ ಬೆಲೆಯು ಕೆಲವೊಮ್ಮೆ ಘೋರವಾಗಿತ್ತು. ಮೈಸೂರಿನ ಕಾಲದಲ್ಲಿ ಕಾಳಗವು ವಿಧಿಯೆಂದೂ ಆಟವೆಂದೂ ಇಬ್ಭಾಗವಾಯಿತು. ವಿಧಿಯನ್ನು ಅರಮನೆ ಉಳಿಸಿಕೊಂಡಿತು, ಆಟವನ್ನು ಊರು ಸಾಕಿತು. ಇಂದು ಆಟಕ್ಕೆ ಬಿರುದುಗಳು ಹೆಚ್ಚಿವೆ, ಕಣವು ಸರ್ವರಿಗೂ ತೆರೆದಿದೆ. ಸಾಕುವ ಕೈ ಮಾತ್ರ ತೆಳುವಾಗಿದೆ. ಹಳೆಯ ಅರಸರ ಪೋಷಣೆಯು ಮರಳಿ ಬರಬೇಕೆಂದು ನಾವು ಹೇಳುವುದಿಲ್ಲ. ವೃತ್ತಿ ಎಂಬ ಮಾತಿನ ಎರಡು ಅರ್ಥಗಳು ಮತ್ತೆ ಒಂದುಗೂಡಬೇಕೆಂದಷ್ಟೇ ನಮ್ಮ ಅಭಿಪ್ರಾಯ.

ಈ ವಿಷಯದಲ್ಲಿ ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಮಾಡಬಹುದಾದ ಕೆಲಸ ಬಹಳವಿದೆ. ಅರಮನೆಯ ಕಾಳಗವನ್ನು ಪರದೇಶದವರು ಬರೆದಿಟ್ಟರು. ಹಳ್ಳಿಯ ಗರಡಿಯನ್ನು ಯಾರೂ ಬರೆಯಲಿಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳಿಂದ ಬರುವ ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಹೋದಾಗ, ಗರಡಿಮನೆ ಎಲ್ಲಿತ್ತು, ಅದರ ಜಾಗ ಯಾರು ಬಿಟ್ಟುಕೊಟ್ಟದ್ದು, ಕೆಮ್ಮಣ್ಣನ್ನು ಎಲ್ಲಿಂದ ತರುತ್ತಿದ್ದರು, ಪೈಲ್ವಾನನಿಗೆ ಹಾಲು ಯಾರ ಮನೆಯಿಂದ ಬರುತ್ತಿತ್ತು ಎಂಬ ನಾಲ್ಕು ಪ್ರಶ್ನೆಗಳನ್ನು ಹಿರಿಯರಲ್ಲಿ ಕೇಳಿ ಬರೆದುಕೊಳ್ಳಲಿ. ಉತ್ತರ ಬಲ್ಲವರ ಸಂಖ್ಯೆ ವರ್ಷವರ್ಷಕ್ಕೆ ಕಡಮೆಯಾಗುತ್ತಿದೆ. ತಿರುಚಿರಾಪಳ್ಳಿಯ ಮಲ್ಲನ ಹೆಸರು ನಮಗೆ ದೊರೆಯದೆ ಹೋಯಿತು. ನಮ್ಮೂರ ಪೈಲ್ವಾನರ ಹೆಸರುಗಳಾದರೂ ಮುಂದಿನವರಿಗೆ ದೊರೆಯುವಂತಾಗಲಿ.